ಕೆಳಗಿನ ಸಿಲಿಂಡರ್

ಸಂಗ್ರಹಾಲಯದ ಯುದ್ಧಕಾಲದ ವಿಮಾನದ ಎಂಜಿನ್ ಸ್ಟಾರ್ಟ್ ಆದ ಮರುಕ್ಷಣವೇ ಧಡ್ ಎಂದು ನಿಂತುಹೋಯಿತು. ಚಕ್ರದಂತೆ ಸುತ್ತಲೂ ಜೋಡಿಸಿದ್ದ ಒಂಬತ್ತು ಸಿಲಿಂಡರುಗಳಲ್ಲಿ ತೀರಾ ಕೆಳಗಿನದರ ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಾಗಿತ್ತು. ಆರು ವರ್ಷದ ದುಡಿಮೆ ಮಣ್ಣುಪಾಲು.

ಇಂಥ ಎಂಜಿನ್ ನಿಂತಲ್ಲೇ ಎಣ್ಣೆ ಕೆಳಗಿನ ಸಿಲಿಂಡರಿಗಿಳಿದು ತುಂಬಿಕೊಳ್ಳುತ್ತದೆ. ದ್ರವವನ್ನು ಪಿಸ್ಟನ್ ಅದುಮಲಾರದು, ರಾಡೇ ಬಾಗುತ್ತದೆ. ಫಿಟ್ಟರ್ ಹುಡುಗಿ ಅದನ್ನು ಬಸಿದಿಲ್ಲ ಎಂದು ವರದಿ ಬರೆದು ಸಹಿ ಹಾಕಿದವನು ನಾನು. ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಅವಳು ನೇರ ಮೇಷ್ಟ್ರ ಬಳಿ ಬಂದಳು. ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲೇ ವಾಸವಿದ್ದ ಈ ನಿವೃತ್ತ ಅಪಘಾತ ತನಿಖಾಧಿಕಾರಿಗೆ ನಾನು ಹತ್ತು ವರ್ಷದ ಜೊತೆಗಾರ.

"ಪ್ಲಗ್ ಬಿಚ್ಚಿ ಬಸಿದಿದ್ದೆ ಮೇಷ್ಟ್ರೇ. ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದರೆ ಸರಾಗವಾಗಿತ್ತು. ಆಮೇಲೆ ಬ್ಯಾಟರಿ ಗಾಡಿ ತರೋಕೆ ಹೋದೆ, ಅರ್ಧ ಗಂಟೆ."

"ಆಗ ಇಲ್ಲಿ ಯಾರಿದ್ರು?"

"ಸಂಗ್ರಹಾಲಯದ ಮುಖ್ಯಸ್ಥರು, ಇವರು, ನಮ್ಮ ತಾತ," ಎಂದಳು, ನನ್ನತ್ತ ಕೈ ತೋರಿಸಿ.

ತಾತ ಯುದ್ಧಕಾಲದಲ್ಲಿ ಇದೇ ಬಗೆಯ ಎಂಜಿನ್‌ಗಳ ಮೆಕ್ಯಾನಿಕ್ ಆಗಿದ್ದವರು. ದಿನವೂ ಮೊಮ್ಮಗಳ ಜೊತೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು.

"ವಾಪಸ್ ಬಂದಾಗ ಕಾಕ್‌ಪಿಟ್ಟಿನಲ್ಲಿ ಪ್ರೈಮರ್ ಪಂಪಿನ ಹಿಡಿ ಹೇಗಿತ್ತು?"

"ನಾನು ಬಿಟ್ಟು ಹೋದ ಹಾಗೇ. ಒತ್ತಿ, ತಿರುಗಿಸಿ, ಲಾಕ್ ಆಗಿತ್ತು."

ಮೇಷ್ಟ್ರು ಕೆಳಗಿನ ಸಿಲಿಂಡರಿಗೆ ಹೋಗುವ ಕೊಳವೆ ಬಿಚ್ಚಿ ನನ್ನ ಮೂಗಿನ ಬಳಿ ಹಿಡಿದರು. ಪೆಟ್ರೋಲ್! ಆಮೇಲೆ ಮುಖ್ಯಸ್ಥರನ್ನೂ ನನ್ನನ್ನೂ ಒಬ್ಬೊಬ್ಬರಾಗಿ ಕಾಕ್‌ಪಿಟ್ಟಿಗೆ ಹತ್ತಿಸಿ, "ಪ್ರೈಮರ್ ಲಾಕ್ ಮಾಡಿ" ಎಂದರು. ಮುಖ್ಯಸ್ಥರು ಬೇರೆಯದೇ ಹಿಡಿ ಎಳೆದರು. ನನಗೆ ತಿರುಗಿಸಬೇಕೆಂಬುದೇ ಗೊತ್ತಿರಲಿಲ್ಲ.

ಸಂಜೆ ಎಲ್ಲರನ್ನೂ ಎಂಜಿನ್ ಮುಂದೆ ಕೂರಿಸಿದರು.

"ಪ್ಲಗ್ ಬಿಚ್ಚಿದಾಗಲೆಲ್ಲ ಬದಲಿಸುವ ತಾಮ್ರದ ವಾಷರ್ ಹೊಸದು. ಅಂದರೆ ಹುಡುಗಿ ಬಿಚ್ಚಿದ್ದು ನಿಜ. ತುಂಬಿದ್ದು ಎಣ್ಣೆಯಲ್ಲ, ಪೆಟ್ರೋಲು. ಸ್ಟಾರ್ಟ್ ಮಾಡುವ ಮುನ್ನ ಇಂಧನ ಚಿಮ್ಮಿಸುವ ಕೈಪಂಪೇ ಪ್ರೈಮರ್. ಆ ಅರ್ಧ ಗಂಟೆಯಲ್ಲಿ ಯಾರೋ ಅದನ್ನು ಮಿತಿಮೀರಿ ಒತ್ತಿದ್ದಾರೆ. ಒತ್ತಿ, ತಿಳಿದವರ ಹಾಗೆ ಲಾಕ್ ಮಾಡಿದ್ದಾರೆ. ಇವರಿಬ್ಬರಿಗೆ ಅದು ಬರಲ್ಲ." ಮೇಷ್ಟ್ರ ದನಿ ತಗ್ಗಿತು. "ಎಷ್ಟು ಸಲ ಒತ್ತಿದ್ರಿ, ಯಜಮಾನ್ರೇ?"

ತಾತ ಪಂಪ್ ಒತ್ತುವಂತೆ ಕೈ ಆಡಿಸಿದರು. "ಹನ್ನೆರಡು. ಹಿಮ ಬೀಳೋ ಬೆಳಿಗ್ಗೆ ಹಾಗೇ ಒತ್ತುತ್ತಿದ್ವಿ. ಅವತ್ತು ಬಿಸಿಲಿತ್ತು ಅನ್ನೋದೇ ತಲೆಗೆ ಹೋಗಲಿಲ್ಲ. ಮರೆವು ಶುರುವಾಗಿದೆ ಅಂತ ಗೊತ್ತಾದ್ರೆ ಇವಳು ಇನ್ನು ಇಲ್ಲಿಗೆ ಕರ್ಕೊಂಡು ಬರಲ್ಲ ಅಂತ ಹೆದರಿದೆ. ತಪ್ಪು ನಿನ್ನ ಮೇಲೆ ಬಂದಾಗಲೂ ಬಾಯಿ ಬಿಡಲಿಲ್ಲ ಕಂದಾ."

ಅವಳು ಮಂಡಿಯೂರಿ ಆ ಕೈ ಹಿಡಿದುಕೊಂಡಳು. "ನಾಳೆಯೂ ಬರೋಣ ತಾತ. ನನ್ನ ಪಕ್ಕದಲ್ಲೇ ಕೂತ್ಕೋ."

ನಾನು ಬೇರೆ ವರದಿ ಬರೆದು ಕೊಟ್ಟೆ, ಕ್ಷಮೆಯನ್ನೂ ಕೇಳಿದೆ. ಅವಳು ನಿಂತೇ ಓದಿದಳು.

"ತಾತನಿಗೆ ಮರೆವು ಸಾರ್," ಎಂದಳು. "ನಿಮಗೇನಾಗಿತ್ತು?"