ಸಕಲೇಶಪುರದ ಟೇಪಿನಲ್ಲಿ ಇಲ್ಲದ ಒಂಬತ್ತು ನಿಮಿಷ

"ಅಯ್ಯೋ... ಸೀರೆ ಉಟ್ಕೊಂಡು ಬಂದೇಬಿಟ್ಟ! ನಗು ತಡೆಯೋಕಾಗ್ತಿಲ್ಲ..."

ಸುಮನಾ ಇಷ್ಟು ಟೈಪ್ ಮಾಡಿ ಎಂಟರ್ ಒತ್ತಿದ್ದೇ ತಡ, ಚಾಟ್ ರೂಮಿನಲ್ಲಿದ್ದವರೆಲ್ಲ ಅವಳ ಮೇಲೆ ಮುಗಿಬಿದ್ದರು.

"ಯಾರ್ರೀ ಇವರು ಹೊಸಬರು? ಅವನು ಈಗ ತಾನೇ ಬಾಗಿಲು ತಳ್ಳಿ ಒಳಗೆ ಹೋದ. ಸೀರೆ ಎಲ್ಲಿ ಬಂತು?" ಎಂದು ಮೈಸೂರಿನವರೊಬ್ಬರು ಕೇಳಿದರು.

"ಮೂರು ಗಂಟೆಗೆ ಎಲ್ಲರೂ ಒಟ್ಟಿಗೆ ಪ್ಲೇ ಒತ್ತಬೇಕು ಅಂತ ಹೇಳಿದ್ವಲ್ಲ. ಓಡಿಸ್ಕೊಂಡು ನೋಡಿ ನಮ್ಮ ಮಜಾ ಕೆಡಿಸ್ಬೇಡಿ" ಎಂದು ದಾವಣಗೆರೆಯವರು ಗದರಿದರು.

ಅದು 2008ರ ಜನವರಿ. ಒಂದು ಹಳೆಯ ಕಪ್ಪು-ಬಿಳುಪು ಹಾಸ್ಯ ಚಿತ್ರಕ್ಕೆ ಮನಸೋತವರ ಗುಂಪು ಅದು. ಪ್ರತಿ ಭಾನುವಾರ ಮೂರಕ್ಕೆ ಅವರವರ ಮನೆಯಲ್ಲಿ ಅದೇ ಸಿನಿಮಾ ಹಾಕಿಕೊಂಡು, ಚಾಟ್‌ನಲ್ಲಿ ಕೂತು ನಗುವುದು. ನೂರು ಸಲ ನೋಡಿದ್ದನ್ನು ನೂರಾ ಒಂದನೇ ಸಲ ನೋಡಿ ನಗುವುದಕ್ಕೂ ಒಂದು ಯೋಗ್ಯತೆ ಬೇಕು ಬಿಡಿ!

ಸುಮನಾಳಿಗೆ ಅದು ಮೊದಲ ಭಾನುವಾರ. ಅವಳೂ ಸರಿಯಾಗಿ ಮೂರಕ್ಕೇ ಪ್ಲೇ ಒತ್ತಿದ್ದಳು. ಉಳಿದವರದ್ದು ಸಿ.ಡಿ., ಅವಳದ್ದು ಹಳೆಯ ವಿಡಿಯೊ ಟೇಪು. ತಪ್ಪು ಇದ್ದದ್ದು ಆ ಟೇಪಿನಲ್ಲಿ.

ಅವಳು ಉತ್ತರ ಟೈಪ್ ಮಾಡತೊಡಗಿದಾಗ ಪಕ್ಕದಲ್ಲಿ ಇನ್ನೊಂದು ಪುಟ್ಟ ಕಿಟಕಿ ತೆರೆಯಿತು. 'ಕಾಫಿಬೀಜ' ಎಂಬ ಹೆಸರಿನವರು ಅವಳೊಬ್ಬಳಿಗೇ ಬರೆದಿದ್ದರು.

"ನಿಮ್ಮ ಟೇಪಲ್ಲಿ ಅವನು ಒಳಗೆ ಹೋದ ಮೇಲೆ ಪರದೆ ಮೇಲೆ ಮೂರು ಬಿಳಿ ಗೆರೆ ಓಡ್ತವೆ. ಕೂಡಲೇ ಸೀರೆ ಉಟ್ಟು ಹೊರಗೆ ಬರ್ತಾನೆ. ಅಲ್ವಾ?"

ಆ ಟೇಪು ನೋಡಿದವರು ಬೇಕಾದಷ್ಟು ಜನರಿದ್ದರು. ಆದರೆ ಗೆರೆ ಎಣಿಸಿಟ್ಟುಕೊಂಡವನು ಒಬ್ಬನೇ...

"ಮಹೇಶ್?"

"ಸುಮನಾ..."

ಒಂಬತ್ತು ವರ್ಷ!

ಸುಮನಾ ಕೂತಿದ್ದ, ಮನೆಗೆ ಸೇರಿದ ಸೈಬರ್ ಸೆಂಟರ್ ಆಗ ಅವಳ ಅಪ್ಪ ಪರಮಶಿವಯ್ಯನವರ ವಿಡಿಯೊ ಲೈಬ್ರರಿಯಾಗಿತ್ತು. ಒಂದು ಭಾನುವಾರ ಟಿ.ವಿ.ಯಲ್ಲಿ ಬಂದ ಆ ಸಿನಿಮಾವನ್ನು ಅವರು ಟೇಪಿಗೆ ಇಳಿಸಿಕೊಳ್ಳುತ್ತಿದ್ದಾಗ ಕರೆಂಟ್ ಹೋಗಿತ್ತು. ಬಂದದ್ದು ಒಂಬತ್ತು ನಿಮಿಷ ಬಿಟ್ಟು. ಹಾಗಾಗಿ ನಾಯಕ ಸೀರೆ ಉಡುವ ಗತಿ ಯಾಕೆ ಬಂತೆಂದು ಸಕಲೇಶಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮಹೇಶ್ ವನಗೂರಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಸಿದ್ದಯ್ಯನವರ ಮಗ. ಪ್ರತಿ ಶನಿವಾರ ರೇಷನ್ನಿಗೆ ಬರುವ ಎಸ್ಟೇಟ್ ಜೀಪಿನಲ್ಲಿ ಬಂದು ಅದೇ ಟೇಪು ಒಯ್ದು, ಸೋಮವಾರ ಮರಳಿಸುತ್ತಿದ್ದ. ಸ್ಟೋರಿನಲ್ಲಿ ಟಿ.ವಿ. ಇಟ್ಟು ಲೈನ್ ಮನೆಗಳ ಕೂಲಿಯವರೆಲ್ಲ ಕೂತು ನೋಡುತ್ತಿದ್ದರು.

"ಬೇರೆ ಸಿನಿಮಾನೇ ಇಲ್ವೇನ್ರೀ ನಿಮಗೆ?" ಎಂದು ಸುಮನಾ ಒಮ್ಮೆ ಕೇಳಿದ್ದಳು.

"ಐತೆ. ಆದ್ರೆ ಇದ್ರಲ್ಲಿ ಆ ಒಂಬತ್ತು ನಿಮಿಷ ನಾವೇ ಮಾಡ್ಕೋಬೋದು ನೋಡಿ" ಎಂದಿದ್ದ.

ಮುಂದಿನ ಸೋಮವಾರ ಮರಳಿ ಬಂದ ಟೇಪಿನ ಡಬ್ಬಿಯಲ್ಲಿ, ಒಳಗಿನ ರಟ್ಟಿನ ಕೆಳಗೆ, ಒಂದು ಚೀಟಿ ಇತ್ತು. 'ಒಳಗೆ ನಾಯಿ ಪಂಚೆ ಕಿತ್ಕೊಂಡು ಹೋಯ್ತು. ಅದಕ್ಕೇ ಸೀರೆ.' ಸುಮನಾ ನಕ್ಕು, ಅದರ ಜಾಗದಲ್ಲಿ ತನ್ನದೊಂದು ಚೀಟಿ ಇಟ್ಟು ಕಳಿಸಿದಳು. 'ಅಲ್ಲ. ಸಾಲದವನು ಬಂದಿದ್ದ.' ಹೀಗೆ ಏಳು ತಿಂಗಳು! ನಿಜವಾಗಿ ಏನಾಯಿತೆಂದು ನೋಡುವ ದಿನ ಬಂದರೆ ಒಟ್ಟಿಗೇ ನೋಡಬೇಕು ಎಂಬ ಮಾತೂ ಒಂದು ಚೀಟಿಯಲ್ಲೇ ಆಗಿತ್ತು.

ಆಮೇಲೆ ಜೂನ್‌ನ ಒಂದು ವಾರ ಡಬ್ಬಿ ಖಾಲಿ ಬಂತು.

ಬೇಜಾರಾಗಿರಬೇಕು, ಎಂದುಕೊಂಡಳು ಸುಮನಾ. ಅವನೇ ಬರೆಯದಿದ್ದ ಮೇಲೆ ನಾನ್ಯಾಕೆ ಬರೆಯಲಿ? ಆ ಶನಿವಾರ ಅವಳೂ ಖಾಲಿ ಡಬ್ಬಿಯನ್ನೇ ಕೊಟ್ಟಳು. ಎರಡು ದಿನ ಬಿಟ್ಟು ಟೇಪನ್ನು ತಂದುಕೊಟ್ಟವನು ಜೀಪಿನ ಡ್ರೈವರ್ ಭೂತಯ್ಯ.

"ರೈಟರ್ ಮನೆಯವರು ಕೊಡಗಿನ ಎಸ್ಟೇಟಿಗೆ ಹೋಗ್ಬುಟ್ರು ಕಣಮ್ಮ."

ಒಂದು ಮಾತೂ ಹೇಳದೆ! ಆ ಮೇಲೆ ಬಂದ ಗಂಡುಗಳನ್ನೆಲ್ಲ ಸುಮನಾ ಕಾರಣ ಹೇಳದೆ ಬೇಡವೆಂದಳು. ಸಿ.ಡಿ. ಅಂಗಡಿಯಲ್ಲಿ ಪೂರ್ತಿ ಸಿನಿಮಾ ಸಿಗುವ ಕಾಲ ಬಂದರೂ ಕೊಳ್ಳಲಿಲ್ಲ. ಮಾತು ಮುರಿದವನು ಅವನು, ನಾನಲ್ಲ ಎಂಬ ಹಟ. ಒಳಗೊಳಗೆ ಅದು ಹಟವಲ್ಲ, ಆಸೆ ಎಂದು ಅವಳಿಗೆ ಗೊತ್ತಿತ್ತು.

ಪರದೆಯ ಮೇಲೆ ಅಕ್ಷರಗಳು ಮೂಡಿದವು.

"ಇಷ್ಟು ವರ್ಷದ ಮೇಲೆ ಕೇಳಬಾರ್ದು. ಆದ್ರೂ ಕೇಳ್ತೀನಿ. ನನ್ನ ಕೊನೇ ಚೀಟಿಗೆ ಯಾಕೆ ಉತ್ತರ ಕೊಡ್ಲಿಲ್ಲ?"

"ಯಾವ ಚೀಟಿ? ಆ ವಾರ ಡಬ್ಬಿ ಖಾಲಿ ಇತ್ತು."

"ಖಾಲಿ ಇರ್ಲಿಲ್ಲ ಸುಮನಾ. ನಾನೇ ರಟ್ಟಿನ ಕೆಳಗೆ ಇಟ್ಟಿದ್ದೆ. ನೀವು ಹಾಸನಕ್ಕೆ ಪರೀಕ್ಷೆಗೆ ಹೋಗಿದ್ರಿ, ನಿಮ್ಮಪ್ಪನ ಕೈಗೆ ಕೊಟ್ಟೆ."

ಸುಮನಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಪರಮಶಿವಯ್ಯ ಮುಂದಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು.

"ಅಪ್ಪ, ಮುಂಚೆ ಜೂನ್ ತಿಂಗಳಲ್ಲಿ ಟೇಪುಗಳನ್ನ ಏನು ಮಾಡ್ತಿದ್ದೆ?"

"ಏನ್ ಮಾಡ್ತಿದ್ದೆ? ಮೃಗಶಿರ ಮಳೆ ಹಿಡೀತು ಅಂದ್ರೆ ಬೂಷ್ಟು ಬರ್ತಿತ್ತಲ್ಲ ಮಗಾ. ಎಲ್ಲಾನೂ ಡಬ್ಬಿಯಿಂದ ತೆಗೆದು, ಒರೆಸಿ, ಬಲ್ಬಿನ ಕೆಳಗೆ ಕಾಯಿಸಿ ಮತ್ತೆ ಹಾಕ್ತಿದ್ದೆ."

"ಯಾವ ಟೇಪಿಗೆ ಯಾವ ಡಬ್ಬಿ ಅಂತ ನೋಡ್ತಿದ್ಯಾ?"

"ಎಲ್ಲಾ ಕರೀ ಡಬ್ಬೀನೇ. ಹೆಸರು ಟೇಪಿನ ಮೇಲೈತೆ. ಡಬ್ಬಿ ಯಾವ್ದಾದ್ರೆ ಏನು?"

ಗುಜರಿಯ ದ್ಯಾವಯ್ಯ ನಾಳೆ ಬಂದು ಒಯ್ಯಲೆಂದು ಹಳೆಯ ಟೇಪುಗಳನ್ನೆಲ್ಲ ಎರಡು ಗೋಣಿಚೀಲದಲ್ಲಿ ತುಂಬಿ ಜಗಲಿಯಲ್ಲಿ ಇಟ್ಟಿದ್ದರು. ಸುಮನಾ ಆ ಚೀಲಗಳನ್ನು ನೆಲಕ್ಕೆ ಸುರಿದಳು. ಒಂದೊಂದೇ ಡಬ್ಬಿ ತೆರೆದು ರಟ್ಟು ಎತ್ತಿದಳು. ಇಪ್ಪತ್ತು... ಐವತ್ತು... ಇರದಿದ್ದರೆ? ಅವನು ಸುಳ್ಳು ಹೇಳುತ್ತಿದ್ದರೆ?

ಎರಡನೇ ಚೀಲದ ತಳದಲ್ಲಿ, ಒಂದು ಭಕ್ತಿ ಚಿತ್ರದ ಟೇಪಿದ್ದ ಡಬ್ಬಿಯಲ್ಲಿ, ಹಳದಿಯಾದ ಕಾಗದ ಸಿಕ್ಕಿತು.

'ಸುಮನಾ, ಈ ಸಲ ಊಹೆ ಇಲ್ಲ. ನಾವು ಊರು ಬಿಡ್ತಿದ್ದೀವಿ. ನನ್ನ ಮೊದಲ ಸಂಬಳದಲ್ಲಿ ನಿನಗೊಂದು ಸೀರೆ ತರ್ತೀನಿ. ಉಡ್ತೀಯಾ? ಇಷ್ಟ ಇಲ್ದಿದ್ರೆ ಶನಿವಾರ ಡಬ್ಬಿ ಖಾಲಿ ಕೊಡು. ನಾನು ಮತ್ತೆ ಕೇಳಲ್ಲ.'

ಯಾವಾಗಲೂ 'ನೀವು' ಎನ್ನುತ್ತಿದ್ದವನು ಮೊದಲ ಸಲ 'ನೀನು' ಎಂದು ಬರೆದಿದ್ದ. ಅವಳು ಅಂದು ಹಟದಿಂದ ತನ್ನ ಕೈಯಾರೆ ಖಾಲಿ ಡಬ್ಬಿ ಕೊಟ್ಟಿದ್ದಳು... ಸುಮನಾ ಟೇಪುಗಳ ನಡುವೆ ಕೂತು ಅತ್ತುಬಿಟ್ಟಳು.

ಎಷ್ಟೋ ಹೊತ್ತಿನ ಮೇಲೆ ಕಂಪ್ಯೂಟರಿನ ಮುಂದೆ ಬಂದಾಗ ಅವನು ಇನ್ನೂ ಅಲ್ಲೇ ಇದ್ದ.

"ಈಗ ಸಿಕ್ತು. ನೀವೆಲ್ಲಿದ್ದೀರಿ?"

"ಹಾಸನ. ಕಾಫಿ ಬೀಜ ಹಸನು ಮಾಡೋ ಕ್ಯೂರಿಂಗ್ ಕಾರ್ಖಾನೆಯಲ್ಲಿ ಕೆಲಸ. ಒಬ್ಬನೇ ಇದ್ದೀನಿ. ಪ್ರತಿ ಭಾನುವಾರ ಈ ಗುಂಪಲ್ಲಿ ಕೂರ್ತೀನಿ. ಅವನು ಬಾಗಿಲು ತಳ್ಳಿದ ಕೂಡ್ಲೇ ಎದ್ದು ಹೋಗಿ ಒಂಬತ್ತು ನಿಮಿಷ ಬಿಟ್ಟು ಬರ್ತೀನಿ. ಇವತ್ತೂ ಏಳೋಕೆ ಹೊರಟಿದ್ದೆ, ನಿಮ್ಮ ಸೀರೆ ಬಂತು."

ಅಂದರೆ ಅವನೂ ನೋಡಿಲ್ಲ!

"ಮುಂದಿನ ಭಾನುವಾರ ಸಿ.ಡಿ. ತಗೊಂಡು ಬನ್ನಿ. ಉತ್ತರ ಕೈಲೇ ಕೊಡ್ತೀನಿ" ಎಂದು ಬರೆದಳು.

ಭಾನುವಾರ ಮೂರಕ್ಕೆ ಐದು ನಿಮಿಷವಿದ್ದಾಗ ಮಹೇಶ್ ಬಾಗಿಲಲ್ಲಿ ನಿಂತಿದ್ದ. ಕಿವಿಯ ಹತ್ತಿರ ಒಂದೆರಡು ನರೆ. ಕೈಯಲ್ಲಿ ಒಂದು ಬಟ್ಟೆಯ ಚೀಲ.

"ಬಾರಪ್ಪ, ಕೂತ್ಕೋ" ಎಂದರು ಪರಮಶಿವಯ್ಯ. ಮಗಳು ಹಳದಿ ಚೀಟಿಯನ್ನು ಅವರಿಗೆ ತೋರಿಸಿದ್ದಳು. "ಬೂಷ್ಟು ಒರೆಸೋಕೆ ಹೋಗಿ ನಾನು ಏನ್ ಮಾಡ್ಬುಟ್ಟೆ ಮಾರಾಯ..."

ಮಹೇಶ್ ಅವರ ಕಾಲು ಮುಟ್ಟಿ ನಮಸ್ಕರಿಸಿದ.

ಸರಿಯಾಗಿ ಮೂರಕ್ಕೆ ಎಲ್ಲರೊಂದಿಗೆ ಪ್ಲೇ ಒತ್ತಿದರು. ನಾಯಕ ಬಾಗಿಲ ಮುಂದೆ ಬಂದ. ಅವನು ಬಾಗಿಲು ತಳ್ಳುವಷ್ಟರಲ್ಲಿ ಸುಮನಾ ಒಂದು ಕರಿಯ ಡಬ್ಬಿಯನ್ನು ಮಹೇಶ್‌ನ ಕೈಗಿಟ್ಟಳು. ಅವನು ರಟ್ಟು ಎತ್ತಿದ.

'ಉಡ್ತೀನಿ. ಸೀರೆ ಎಲ್ಲಿ?'

ಅವನು ಚೀಲದಿಂದ ಒಂದು ಪೊಟ್ಟಣ ತೆಗೆದ. ಮಡಿಕೆಗಳಲ್ಲಿ ಬಣ್ಣ ಸ್ವಲ್ಪ ಮಾಸಿದ ಹಸಿರು ಸೀರೆ.

"ಮೊದಲ ಸಂಬಳದ್ದೇ. ಏಳು ವರ್ಷ ಆಯ್ತು. ಯಾರಿಗೂ ಕೊಡೋಕೆ ಮನಸ್ಸು ಬರ್ಲಿಲ್ಲ."

ಸುಮನಾ ಸೀರೆಯನ್ನು ಎದೆಗೆ ಒತ್ತಿಕೊಂಡಳು. ಅವಳ ಕಣ್ಣು ತುಂಬಿತ್ತು, ಅವನದ್ದೂ. ಒಬ್ಬರನ್ನೊಬ್ಬರು ನೋಡುತ್ತಾ ಎಷ್ಟು ಹೊತ್ತು ಕೂತರೋ!

ಪರಮಶಿವಯ್ಯನವರ ಜೋರು ನಗು ಕೇಳಿ ಇಬ್ಬರೂ ಬೆಚ್ಚಿ ತಿರುಗಿದರು. ನಾಯಕ ಆಗಲೇ ಸೀರೆ ಉಟ್ಟು ಹೊರಗೆ ಬಂದಿದ್ದ.

"ಅಯ್ಯೋ, ಮತ್ತೆ ತಪ್ಪಿಹೋಯ್ತು!" ಎಂದಳು ಸುಮನಾ.

"ಒಳಗೆ ಏನಾಯ್ತು ಅಂತ ನಾನ್ ಹೇಳ್ಲಾ?" ಎಂದು ಪರಮಶಿವಯ್ಯ ಕಣ್ಣೊರೆಸಿಕೊಂಡರು.

"ಬೇಡ" ಎಂದರು ಇಬ್ಬರೂ ಒಟ್ಟಿಗೆ.

ಮಹೇಶ್ ಮೆಲ್ಲಗೆ ಅಂದ, "ಮುಂದಿನ ಭಾನುವಾರ ನೋಡಿದ್ರಾಯ್ತು."

"ಬರ್ತೀಯಾ?" ಎಂದಳು ಸುಮನಾ. ಅವಳೂ ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಿದ್ದಳು.

"ನೀನು ಆ ಸೀರೆ ಉಟ್ಕೊಂಡು ಕೂತ್ರೆ, ಆ ಭಾನುವಾರನೂ ನಾವು ಸಿನಿಮಾ ನೋಡೋದು ಕಷ್ಟ ಐತೆ."

"ಹೋಗ್ಲಿ ಬಿಡು. ಅದರ ಮುಂದಿನ ಭಾನುವಾರ ಐತಲ್ಲ" ಎಂದಳು ಅವಳು.