ಅವಧಿ ಮುಗಿದ ಹನ್ನೆರಡು ಹೆಲ್ಮೆಟ್‌ಗಳು

"ಕತ್ತರಿಸಬೇಡಿ."

ಅವಳ ಕತ್ತರಿಗೂ ಹೆಲ್ಮೆಟ್ಟಿನ ಪಟ್ಟಿಗೂ ನಡುವೆ ಒಂದು ಕೈ ಅಡ್ಡ ಬಂದಿತ್ತು. ಒಂದು ಕ್ಷಣ ತಡವಾಗಿದ್ದರೆ ಆ ಕೈಗೇ ಗಾಯವಾಗುತ್ತಿತ್ತು.

ಅವಳು ತಲೆಯೆತ್ತಿದಳು. ರೇಸ್ ಟ್ರ್ಯಾಕಿನ ಆಂಬುಲೆನ್ಸ್ ತಂಡಕ್ಕೆ ಹೊಸದಾಗಿ ಬಂದವನು. ಎಷ್ಟೇ ಅವಸರವಿದ್ದರೂ "ನಿಧಾನ, ನಿಧಾನ" ಅನ್ನುತ್ತಿದ್ದ ಅವನಿಗೆ ಮೆಕ್ಯಾನಿಕ್‌ಗಳು ವಾರದೊಳಗೇ ನಿಧಾನಪ್ಪ ಎಂದು ಹೆಸರಿಟ್ಟಿದ್ದರು.

ಅವಳಿಗೂ ಒಂದು ಅಡ್ಡಹೆಸರಿತ್ತು. ಕತ್ತರಿ ಮೇಡಂ. ರೇಸಿಗೆ ಮುಂಚೆ ಸವಾರರ ಹೆಲ್ಮೆಟ್ ಪರೀಕ್ಷಿಸುವುದು ಅವಳ ಕೆಲಸ. ಸುರಕ್ಷತಾ ಚೀಟಿಯ ಅವಧಿ ಮುಗಿದಿದ್ದರೆ ಮುಲಾಜಿಲ್ಲದೆ ಪಟ್ಟಿ ಕತ್ತರಿಸಿ ಮೂಲೆಗೆ ಹಾಕುತ್ತಿದ್ದಳು.

"ಇದು ಸತ್ತ ಹೆಲ್ಮೆಟ್," ಅಂದಳು. "ಹತ್ತು ವರ್ಷ ಆಗಿದೆ. ಮೇಲೆ ಥಳಕು, ಒಳಗೆ ಹುಳುಕು. ಯಾವನಾದ್ರೂ ನಂಬಿ ತಲೆಗೆ ಹಾಕ್ಕೊಂಡ್ರೆ?"

"ತಲೆ ಕಾಯೋಕೆ ಅಲ್ಲ ಮೇಡಂ, ಕಲಿಸೋಕೆ. ಬಿದ್ದವರ ತಲೆಯಿಂದ ಹೆಲ್ಮೆಟ್ ತೆಗೆಯೋದು ಹೇಗೆ ಅಂತ ನಮ್ಮ ತಂಡದಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಗಾಬರೀಲಿ ಎಳೀತಾರೆ. ಕುತ್ತಿಗೆ ಮೂಳೆ ಜರುಗಿದ್ರೆ ಮುಗೀತು. ಪಟ್ಟಿ ಇಲ್ದೆ ಕಲಿಸೋಕೆ ಆಗಲ್ಲ."

*ಗಾಬರೀಲಿ ಎಳೀತಾರೆ...*

ಅವಳ ಕೈಯಲ್ಲಿದ್ದ ಕತ್ತರಿ ತಣ್ಣಗಾದಂತಾಯಿತು. ಯಾಕೆಂದು ಅವನಿಗೆ ಗೊತ್ತಾಗುವಂತಿರಲಿಲ್ಲ.

"ಚೀಟಿ ಮೇಲೆ ಸಹಿ ಹಾಕಿ ಹನ್ನೆರಡು ಕೊಡ್ತೀನಿ," ಅಂದಳು ಕೊನೆಗೆ. "ಒಂದೇ ಒಂದು ಹೊರಗೆ ಹೋದ್ರೂ ನಿಮ್ಮನ್ನ ಬಿಡಲ್ಲ."

ಅವನು ನಕ್ಕ. "ಬಿಡಬೇಡಿ."

ಆ ಉತ್ತರಕ್ಕೆ ಅವಳ ಮುಖ ಯಾಕೆ ಬಿಸಿಯಾಯಿತೋ.

ಆಮೇಲೆ ದಿನಕ್ಕೊಂದು ನೆಪ ಹುಟ್ಟಿತು. ಅವನು ಎರಡು ಲೋಟ ಚಹಾ ಹಿಡಿದು ಬರುತ್ತಿದ್ದ. ಅವಳು ಸಕ್ಕರೆ ಹೆಚ್ಚಾಯಿತೆಂದು ಬೈಯುತ್ತಲೇ ಪೂರ್ತಿ ಕುಡಿಯುತ್ತಿದ್ದಳು. ಮನೆಯಲ್ಲಿ ಅಣ್ಣ ಗಮನಿಸಿದ. "ಏನೇ, ಇತ್ತೀಚೆಗೆ ಒಬ್ಬೊಬ್ಬಳೇ ನಗ್ತೀಯ?"

ಐದು ವರ್ಷದ ಹಿಂದೆ ಆ ಅಣ್ಣ ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ಹಳೇ ರೇಸ್ ಹೆಲ್ಮೆಟ್ ತಂದು, ಅದನ್ನು ಹಾಕಿಕೊಂಡೇ ಬೈಕಿನಿಂದ ಬಿದ್ದಿದ್ದ. ಹಿಂದಿನ ಸೀಟಿನಲ್ಲಿದ್ದ ಇವಳಿಗೆ ತರಚುಗಾಯವಷ್ಟೇ. ಅವನ ಬಲಗೈ ಮಾತ್ರ ಅಂದಿನಿಂದ ಅವನ ಮಾತು ಕೇಳುವುದಿಲ್ಲ.

ಒಂದು ಮಧ್ಯಾಹ್ನ ಅದೇ ಅಂಗಡಿಯ ಮುಂದೆ ಹಾದುಹೋಗುವಾಗ ಅವಳ ಕಾಲು ನಿಂತುಬಿಟ್ಟಿತು. ಗಾಜಿನ ಹಿಂದೆ ಹಳದಿ ಹೆಲ್ಮೆಟ್. ಎಡಗಡೆ ಎರಡು ಕಪ್ಪು ಗೆರೆ. ಒಳಗೆ ಹೋಗಿ ತಿರುಗಿಸಿ ನೋಡಿದರೆ ಚೀಟಿಯನ್ನು ಕಿತ್ತಿದ್ದರು. ತಾನು ನಿಧಾನಪ್ಪನಿಗೆ ಕೊಟ್ಟ ಹನ್ನೆರಡರಲ್ಲಿ ಅಂಥದ್ದೇ ಒಂದಿತ್ತು.

*ಮಾರಿಬಿಟ್ಟನಾ? ಅಷ್ಟು ಚಹಾ, ಅಷ್ಟು ಮಾತು... ಎಲ್ಲ ಇದಕ್ಕಾ?*

ಕಣ್ಣು ತುಂಬಿಕೊಂಡೇ ಅವಳು ಟ್ರ್ಯಾಕಿನ ಹಿಂದಿನ ಶೆಡ್ಡಿಗೆ ಹೋದಳು. ಬಾಗಿಲಲ್ಲೇ ಕೇಳಿದಳು.

"ಹಳದಿ ಹೆಲ್ಮೆಟ್ ಎಷ್ಟಕ್ಕೆ ಮಾರಿದ್ರಿ?"

ಚಾಪೆಗಳ ಮೇಲೆ ಹೆಲ್ಮೆಟ್ ಹಾಕಿಕೊಂಡು ಮಲಗಿದ್ದವರು, ಅವರ ತಲೆ ಹಿಡಿದು ಕೂತವರು, ಎಲ್ಲರೂ ತಿರುಗಿದರು. ಅವನೂ ಒಂದು ಚಾಪೆಯ ಮೇಲೆ ಮಲಗಿದ್ದ. ಎದ್ದು ಕೂತು ತನ್ನ ತಲೆಯ ಹೆಲ್ಮೆಟ್ ತೆಗೆದು ಅವಳ ಮುಂದೆ ಹಿಡಿದ.

ಹಳದಿ. ಎರಡು ಕಪ್ಪು ಗೆರೆ. ಒಳಗೆ ಅವಳದೇ ಸಹಿ ಇದ್ದ ಚೀಟಿ.

"ಈ ಹೆಲ್ಮೆಟ್ಟಿನ ಸವಾರನ ತಂಡದವರೆಲ್ಲ ಇದೇ ಬಣ್ಣದ್ದು ಹಾಕ್ತಿದ್ರು. ನೀವು ನೋಡಿದ್ದು ಇನ್ಯಾರದ್ದೋ," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ಎಣಿಸಿ ನೋಡಿ."

ಅವಳು ಎಣಿಸಿದಳು. ಹನ್ನೆರಡು. ನೆಲ ಬಾಯಿಬಿಡಬಾರದೇ ಅನ್ನಿಸಿತು.

"ತಪ್ಪಾಯ್ತು," ಅಂದಳು, ಎಲ್ಲರಿಗೂ ಕೇಳುವಂತೆಯೇ.

"ಆಯ್ತು ಬಿಡಿ. ತಲೆ ಹಿಡಿಯೋಕೆ ಒಬ್ರು ಕಡಿಮೆ ಇದ್ದಾರೆ. ಬನ್ನಿ."

ಅವನು ಹೆಲ್ಮೆಟ್ ಹಾಕಿಕೊಂಡು ಮತ್ತೆ ಮಲಗಿದ. ಅವಳು ಅವನ ತಲೆಯ ಹಿಂದೆ ಮಂಡಿಯೂರಿ ಎರಡೂ ಕೈಯಿಂದ ಹೆಲ್ಮೆಟ್ ಹಿಡಿದಳು. ಬೆರಳುಗಳು ಗಡಗಡ ನಡುಗಿದವು.

"ನನ್ನಿಂದ ಆಗಲ್ಲ..."

ಅವನು ಕಣ್ಣಲ್ಲೇ ಸನ್ನೆ ಮಾಡಿದ. ಉಳಿದವರು ಹೊರಗೆ ಹೋದರು.

"ಅಣ್ಣ ಬಿದ್ದ ದಿನ ಹೆಲ್ಮೆಟ್ ಎಳೆದವಳು ನಾನೇ," ಅವಳ ದನಿ ಒಡೆಯಿತು. "ಯಾರಿಗೂ ಹೇಳಿಲ್ಲ. ಅವನ ಕೈ ಹೋಗಿದ್ದು ಬಿದ್ದಿದ್ದಕ್ಕಾ, ನಾನು ಎಳೆದಿದ್ದಕ್ಕಾ?"

ಅವನು ಎದ್ದು ಕೂತು ಹೆಲ್ಮೆಟ್ ತೆಗೆದ.

"ಗೊತ್ತಿಲ್ಲ," ಅಂದ. "ಸಮಾಧಾನಕ್ಕೆ ಸುಳ್ಳು ಹೇಳಲಾರೆ. ಅಣ್ಣನ್ನ ಕೇಳಿದ್ದೀರಾ?"

ಸಂಜೆ ಅವಳು ಕೇಳಿದಳು. ಅಣ್ಣ ಎಡಗೈಯಲ್ಲಿ ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದವನು ನಿಲ್ಲಿಸಿದ.

"ಬಾಯಿ ತುಂಬ ರಕ್ತ, ಉಸಿರು ಕಟ್ಟಿತ್ತು. ನೀನು ಅದನ್ನ ತೆಗೆದ ಮೇಲೇ ನಾನು ಉಸಿರಾಡಿದ್ದು."

"ಇಷ್ಟು ವರ್ಷ ಯಾಕೋ ಹೇಳಲಿಲ್ಲ?"

"ಕೇಳಿದ್ರೆ ತಾನೆ? ನನ್ನ ಕೈಯಿಂದ ಚಮಚ ಜಾರಿದಾಗಲೆಲ್ಲ ನೀನು ಎದ್ದು ಹೋಗ್ತಿದ್ದೆ. ನನ್ನ ನೋಡೋಕೆ ಅಸಹ್ಯ ಅಂದ್ಕೊಂಡಿದ್ದೆ ಕಣೇ."

ಅವಳು ಆ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಐದು ವರ್ಷದ ಅಳು.

ಮರುದಿನದಿಂದ ಅವಳು ಶೆಡ್ಡಿಗೆ ಹೋಗತೊಡಗಿದಳು. ಒಬ್ಬರು ತಲೆ ಅಲುಗದಂತೆ ಹಿಡಿಯಬೇಕು, ಇನ್ನೊಬ್ಬರು ಪಟ್ಟಿ ಬಿಡಿಸಿ ಕುತ್ತಿಗೆಗೆ ಆಸರೆ ಕೊಡಬೇಕು, ಆಮೇಲೆ ಮೊದಲಿನವರು ಹೆಲ್ಮೆಟ್ಟಿನ ಕೆಳಅಂಚನ್ನು ಎರಡೂ ಕಡೆಗೆ ಅಗಲಿಸಿ, ಕೂದಲೆಳೆಯಷ್ಟೇ ಜರುಗಿಸುತ್ತ ತೆಗೆಯಬೇಕು. ನೂರು ಸಲ, ಇನ್ನೂರು ಸಲ. ಮೂರು ತಿಂಗಳಲ್ಲಿ ಅವಳ ಕೈ ನಡುಗುವುದನ್ನು ಮರೆಯಿತು. ವರ್ಷದ ದೊಡ್ಡ ರೇಸಿನ ದಿನ ಅವಳಿಗೂ ತಂಡದಲ್ಲಿ ಜಾಗ ಸಿಕ್ಕಿತು. ಮೂರನೇ ತಿರುವು. ಜೊತೆಗೆ ಅವನು.

ಏಳನೇ ಸುತ್ತಿನಲ್ಲಿ, ಮುಂದಿದ್ದ ಹುಡುಗಿಯ ಬೈಕು ಅವರ ಕಣ್ಣೆದುರೇ ಜಾರಿತು. ಹುಡುಗಿ ಎರಡು ಪಲ್ಟಿ ಹೊಡೆದು ಮರಳಿನಲ್ಲಿ ಬಿದ್ದಳು. ಕೆಂಪು ಬಾವುಟ ಹಾರಿತು, ಉಳಿದ ಬೈಕುಗಳು ನಿಂತವು. ಇಬ್ಬರೂ ಓಡಿದರು.

ಅವಳು ಮಂಡಿಯೂರಿ ತಲೆ ಹಿಡಿದಳು. ಅವನು ಹೆಲ್ಮೆಟ್ಟಿನ ಗಾಜು ಮೇಲೆತ್ತಿದ. ಹುಡುಗಿಯ ಗಂಟಲಲ್ಲಿ ಗೊರಗೊರ ಸದ್ದು. ತುಟಿ ನೀಲಿಯಾಗುತ್ತಿತ್ತು.

"ಈಗಲೇ ತೆಗೀಬೇಕು. ಹಿಡಿದಿದ್ದೀರಾ?"

"ಹಿಡಿದಿದ್ದೀನಿ. ನೀವು ನಿಧಾನಕ್ಕೆ ಪಟ್ಟಿ ಬಿಡಿಸಿ."

ಅವನು ಪಟ್ಟಿ ಬಿಡಿಸಿ ಕೈ ಒಳಗೆ ತೂರಿಸಿ ಕುತ್ತಿಗೆಗೆ ಆಸರೆ ಕೊಟ್ಟ. ಅವಳು ಹೆಲ್ಮೆಟ್ ಅಗಲಿಸಿ ಇಷ್ಟಿಷ್ಟೇ ಹಿಂದಕ್ಕೆಳೆದಳು. ಹೆಲ್ಮೆಟ್ ಕಳಚಿತು. ಅವನು ಬಾಯಿಯ ರಕ್ತ ತೆಗೆಯುತ್ತಲೇ ಹುಡುಗಿ ಕೆಮ್ಮಿ ದೊಡ್ಡದಾಗಿ ಉಸಿರೆಳೆದಳು.

"ಬೆರಳು ಆಡಿಸಮ್ಮ," ಅಂದಳು ಅವಳು.

ಕೈಗವಸಿನೊಳಗೆ ಐದು ಬೆರಳು ಆಡಿದವು. ಆಮೇಲೆ ಇನ್ನೊಂದು ಕೈಯ ಐದು. ಆಮೇಲೆ ಎರಡೂ ಬೂಟು.

ಸ್ಟ್ರೆಚರ್ ಮೇಲೇಳುತ್ತಿದ್ದಂತೆ ಮೈದಾನಕ್ಕೆ ಮೈದಾನವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಜನರ ನಡುವೆ ಅವಳ ಅಣ್ಣ ಎಡಗೈಯಿಂದ ತೊಡೆ ತಟ್ಟುತ್ತ ಪಕ್ಕದವರಿಗೆ ಹೇಳುತ್ತಿದ್ದ: "ನನ್ನ ತಂಗಿ ಕಣ್ರೀ. ಅವಳು ನನ್ನ ತಂಗಿ."

ಮರುವಾರ ರೇಸ್ ಕ್ಲಬ್ಬಿನಿಂದ ಅವನಿಗೆ ಪತ್ರ ಬಂತು. ಇನ್ನು ಅವಧಿ ಮುಗಿದ ಎಲ್ಲ ಹೆಲ್ಮೆಟ್ ತರಬೇತಿಗೆ. ಹತ್ತು ಊರಿನ ಆಂಬುಲೆನ್ಸ್ ತಂಡಗಳಿಗೆ ಕಲಿಸಬೇಕು.

ಅವನು ಪತ್ರ ಮಡಚಿ ಜೇಬಿಗಿಟ್ಟ. ಮತ್ತೆ ತೆಗೆದ. ಮತ್ತೆ ಇಟ್ಟ.

"ಹತ್ತು ಊರು... ಒಬ್ಬನೇ ಹೋಗೋಕೆ ಮನಸ್ಸಿಲ್ಲ."

ಅವಳು ಅವನತ್ತ ತಿರುಗಿದಳು. "ಕರೀತಿರೋದು ಕೆಲಸಕ್ಕಾ, ಬದುಕಿಗಾ?"

"ಎರಡಕ್ಕೂ. ಕೆಲಸಕ್ಕೆ ಕ್ಲಬ್ಬಿನ ಪತ್ರ ಇದೆ. ಬದುಕಿಗೆ... ನಾನು ಬಾಯಿಬಿಟ್ಟೇ ಹೇಳಬೇಕು. ನೀವು ಬೈದು ಕುಡಿದ ಮೊದಲ ಚಹಾದ ದಿನದಿಂದ ನಿಮ್ಮನ್ನ ಪ್ರೀತಿಸ್ತಿದ್ದೀನಿ."

"ಅಷ್ಟು ದಿನದಿಂದಾನಾ? ಹೇಳೋಕೆ ಇಷ್ಟು ತಡವಾ?"

"ನೀವು ಇಲ್ಲ ಅಂದ್ರೆ ಅನ್ನೋ ಭಯ."

ಅವಳು ಹತ್ತಿರ ಬಂದು ಅವನ ಅಂಗಿಯ ತೋಳು ಹಿಡಿದಳು.

"ಇಲ್ಲ ಅನ್ನಲ್ಲ. ಮೊದಲು ಅಣ್ಣನ ಹತ್ತಿರ ಮಾತಾಡು. ನಡಿ."

ಅವನು ಕದಲಲಿಲ್ಲ. "ಏನಂದ್ರಿ?"

"ನಡಿ ಅಂದೆ."

"ಇಷ್ಟು ದಿನ ನಡೀರಿ ಅಂತಿದ್ರಿ..."

"ಹೂಂ. ಇನ್ಮೇಲೆ ಅನ್ನಲ್ಲ."

ಅವನು ನಕ್ಕು ಅವಳ ಕೈ ಹಿಡಿದ. "ಸರಿ... ನೀನೂ ನಡಿ."