ಮಾವನ ಮಾತು ಕದ್ದವರ್ಯಾರು?

"ಟೀಚರಮ್ಮಾ, ನಮ್ಮನೆಯವರ ಮಾತು ಹೋಗಿದೆ! ಬೇಗ ಬನ್ನಿ!"

ಕೆಳಮನೆಯ ಅತ್ತೆ ಬಾಗಿಲು ಬಡಿದಾಗ ಬೀದಿಯ ತುಂಟ ಹುಡುಗ ತರಲೆಯೂ ಅಲ್ಲೇ ಇದ್ದ. ಮಹಡಿ ಮನೆಯ ಟೀಚರಮ್ಮ ಕಂಪ್ಯೂಟರ್ ಪಾಠ ಹೇಳುವವರು; ಬೀದಿಯವರ ಪತ್ತೇದಾರಿಣಿಯೂ ಅವರೇ. ಯಾರನ್ನೇ ಆದರೂ ಏಕವಚನದಲ್ಲೇ ಕೂಗುವ ತರಲೆ ಅವರ ಬಲಗೈ.

ಗಂಟಲಿನ ಆಪರೇಷನ್ ಆದಮೇಲೆ ಅತ್ತೆಯ ಗಂಡ ಮಾವನಿಗೆ ಹಳೆಯ ಕಂಪ್ಯೂಟರೇ ಬಾಯಿ. ಅವರು ಟೈಪ್ ಮಾಡಿದರೆ ಅದು ನಿಧಾನವಾಗಿ ನುಡಿಯುತ್ತಿತ್ತು. ಈಗ ಕೆಳಗಿಳಿದು ನೋಡಿದರೆ ತೆರೆ ಕಪ್ಪಾಗಿ ಕೂತಿತ್ತು. ಸಂಜೆ ಮಗಳು ಎಳೆಗೂಸಿನ ಜೊತೆ ಬರುವವಳಿದ್ದಳು. ಮೊಮ್ಮಗಳಿಗೆ ಹೇಳಲೆಂದು ಕೂಡಿಟ್ಟ ಮೊದಲ ಮಾತು ಮಾವನ ಬೆರಳ ತುದಿಯಲ್ಲೇ ಉಳಿದಿತ್ತು.

ಎಲ್ಲರ ಕಣ್ಣು ತರಲೆಯ ಮೇಲೆ. ಹಿಂದೊಮ್ಮೆ ಮಾವ "ಊಟ ಆಯ್ತಾ" ಎಂದು ಒತ್ತಿದರೆ "ಲೇಯ್, ನಾನ್ಯಾರು ಗೊತ್ತೇನೋ!" ಎಂದು ಗುಡುಗುವಂತೆ ಮಾಡಿದ್ದವನು ಅವನೇ.

"ಅಮ್ಮನಾಣೆ ಅತ್ತೆ, ಈ ಸೀನಲ್ಲಿ ನಾನು ವಿಲನ್ ಅಲ್ಲ ಕಣೇ!"

"ಮುಚ್ಚೋ ಬಾಯಿ!" ಎಂದ ಅತ್ತೆ ಮಾವನ ಬೆನ್ನು ಸವರಿದರು. "ಬೇಜಾರಾಗ್ಬೇಡಿ ಗೊರಕೆರಾಯರೇ."

ಟೀಚರಮ್ಮ ಹಳೆಯ ಯಂತ್ರದ ಡಿಸ್ಕ್ ಬಿಚ್ಚಿ ಅತ್ತೆಯ ಹೊಸ ಕಂಪ್ಯೂಟರಿಗೆ ಸಿಕ್ಕಿಸಿದರು. ತೆರೆ ಬೆಳಗಿತು. ಯಂತ್ರ ನಡೆಸುವ 'ಕರ್ನಲ್' ಎಂಬ ತಂತ್ರಾಂಶದ ಹೆಸರಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಬಾಲವಿತ್ತು: 'ಗೊರಕೆರಾಯರು'. ತರಲೆ ಕಿಸಕ್ಕೆಂದ. ಟೀಚರಮ್ಮ ನಗಲಿಲ್ಲ. ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು.

"ಡಿಸ್ಕ್‌ಗೆ ಏನೂ ಆಗಿಲ್ಲ. ಯಂತ್ರ ನಡೆಸೋ ತಿರುಳು, ಅಂದ್ರೆ ಕರ್ನಲ್, ಅದನ್ನ ಯಾರೋ ಹೊಸದಾಗಿ ಕಟ್ಟಿದಾರೆ. 'ಯಾವ ಪ್ರೊಸೆಸರ್‌ಗೆ?' ಅನ್ನೋ ಕಡೆ 'ಇದೇ ಯಂತ್ರಕ್ಕೆ' ಅಂತ ಆರಿಸಿದಾರೆ. ಯಾವ 'ಇದೇ'? ಕಟ್ಟೋಕೆ ಕೂತಿದ್ದ ಹೊಸ ಯಂತ್ರ! ಅದರ ಭಾಷೆ ಹಳೇದಕ್ಕೆ ಅರ್ಥ ಆಗಲ್ಲ. ಟೈಲರ್ ತನ್ನ ಅಳತೆಗೇ ಗಿರಾಕಿ ಅಂಗಿ ಹೊಲಿದ ಹಾಗಾಯ್ತು."

"ತರಲೆ ಮಾಡಿರ್ಬಹುದಲ್ಲ?" ಅತ್ತೆಯ ದನಿ ಸಣ್ಣಗಾಗಿತ್ತು.

"ಇವನಾಗಿದ್ರೆ 'ಗೊರಕೆರಾಯ' ಅಂತ ಬರೀತಿದ್ದ. ಬಹುವಚನ ಕೊಟ್ಟು ಬೈಯೋರು ಈ ಮನೇಲಿ ಒಬ್ರೇ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಿಮ್ಮ ಪಾಠ ಕೇಳಿ ನಾನೇ ಕಟ್ಟಿದ್ದು. ನನ್ನ ಯಂತ್ರದಲ್ಲಿ ಚೆನ್ನಾಗೇ ಓಡ್ತು, ಅವರ ಡಿಸ್ಕ್‌ಗೆ ಅದನ್ನೇ ಹಾಕಿ ಹಳೇ ಕರ್ನಲ್ ಅಳಿಸ್ಬಿಟ್ಟೆ. ಆಮೇಲೆ ಅವರ ಯಂತ್ರ ನಿಂತಾಗ ಇವನೇ ಏನೋ ಕಿತಾಪತಿ ಮಾಡಿದ ಅನ್ಕೊಂಡೆ. ಅವರು ಒಂದು ಮಾತು ಮುಗಿಸೋಷ್ಟರಲ್ಲಿ ನಾನು ಹತ್ತು ಆಡಿರ್ತೀನಿ. ಜಗಳದಲ್ಲಿ ಯಾವಾಗ್ಲೂ ನಾನೇ ಗೆದ್ರೆ ಏನು ಚೆಂದ? ಅದು ಸ್ವಲ್ಪ ಬೇಗ ಮಾತಾಡ್ಲಿ ಅಂತ..."

ತರಲೆ ಎದ್ದು ಹೊಸ ಕಂಪ್ಯೂಟರಿನ ಮುಂದೆ ಅತ್ತೆಗೆ ಕುರ್ಚಿ ಎಳೆದಿಟ್ಟ.

ಈ ಸಲ ಹಳೆಯ ಪ್ರೊಸೆಸರನ್ನೇ ಆರಿಸಿ ಟೀಚರಮ್ಮ ಮತ್ತೆ ಕಟ್ಟಿಸಿದರು, ಅತ್ತೆಯ ಕೈಯಿಂದಲೇ. ಬಾಲದ ಹೆಸರನ್ನು ಯಾರೂ ತೆಗೆಯಲಿಲ್ಲ.

ಸಂಜೆ ಮಗು ಮಾವನ ಮಡಿಲಿಗೆ ಬಂತು. ಅವರು ಒಂದೇ ಕೈಯಲ್ಲಿ ಒತ್ತಿದರು. ಯಂತ್ರ ತಡವರಿಸಿತು; ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಕಾದರು.

"ಬಾ... ಕಂದ. ಅಜ್ಜಿ ಜೊತೆ... ಜಗಳಕ್ಕೆ... ಇನ್ಮೇಲೆ ನಾವಿಬ್ರು."